ಪದಚರ್ಚೆ: ರೆಂಡರ್ ಆದ ವಿಡಿಯೋ ‘ಒಡದೈತೆ’ ಅಂದರೆ ಏನು ಒಡೆದಿದೆ?

ಎಡಿಟ್ ಮಾಡಿದ ವಿಡಿಯೋ ರೆಂಡರ್ ಆಗಿ, ಅಂದರೆ ಕೊನೆಯ ಫೈಲಾಗಿ, ಹೊರಬಂದ ಮೇಲೆ ಕಾಣುವ ದೋಷಗಳಿಗೆ ನಮ್ಮ ಕಡೆ ಹೆಚ್ಚುಕಡಿಮೆ ಒಂದೇ ಮಾತು. ಬಳ್ಳಾರಿಯಲ್ಲಿ ‘ಪಿಕ್ಸೆಲ್ ಒಡದೈತೆ’, ಕೊಪ್ಪಳದಲ್ಲಿ ‘ಒಡದೈತಿ’, ರಾಯಚೂರಲ್ಲಿ ‘ಒಡದದ’. ಮದುವೆ ವಿಡಿಯೋ ಮಾಡಿಸಿದವರೂ ಹೀಗೇ ಹೇಳುತ್ತಾರೆ, ಸ್ಟುಡಿಯೋದಲ್ಲಿ ಕೂತು ಎಡಿಟ್ ಮಾಡುವವರೂ ಹೀಗೇ ಹೇಳುತ್ತಾರೆ. ಈ ಒಂದು ಮಾತಿನಡಿ ಹತ್ತು ಹನ್ನೆರಡು ಬೇರೆ ಬೇರೆ ದೋಷಗಳು ಕೂಡಿಕೊಂಡಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ‘ಒಡದೈತೆ’ ಎಂದು ಫೋನು ಬಂದ ಕೂಡಲೇ ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೋಗೆ ಕೊಡುವ ಮಾಹಿತಿಯ ಪ್ರಮಾಣ) ಏರಿಸಿ ಮತ್ತೆ ರೆಂಡರ್‌ಗೆ ಹಾಕುವುದು ರೂಢಿ. ರಾತ್ರಿಯಿಡೀ ಯಂತ್ರ ಓಡುತ್ತದೆ, ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಅದೇ ದೋಷ. ಕಣ್ಣಿಗೆ ಕಂಡದ್ದನ್ನು ಹೇಳಿದರೆ ಕಾರಣದ ಕಡೆಗೂ ಕೈ ತೋರುವಂಥ ಪದಗಳು ಬೇಕು. ಕೆಲವನ್ನು ಇಲ್ಲಿಡುತ್ತೇನೆ, ಒಂದೆರಡಕ್ಕೆ ನಿಮ್ಮನ್ನೇ ಕೇಳಬೇಕಿದೆ.

ಮೊದಲು ‘ಆರ್ಟಿಫ್ಯಾಕ್ಟ್’, ಇಂಥ ದೋಷಗಳಿಗೆಲ್ಲ ಇಂಗ್ಲಿಷಿನಲ್ಲಿರುವ ಹೆಸರು. ನಿಘಂಟು ನೋಡಿ ಅನುವಾದಿಸಿದರೆ ‘ಕಲಾಕೃತಿ’, ‘ಪ್ರಾಚ್ಯವಸ್ತು’ ಎಂದಾಗುತ್ತದೆ. ಹಂಪಿಯ ಪಕ್ಕದಲ್ಲಿರುವ ನಮಗೆ ಆ ಪದಗಳು ಕಲ್ಲಿನ ಶಿಲ್ಪವನ್ನೇ ನೆನಪಿಸುತ್ತವೆ. ‘ಚಿತ್ರದೋಷ’ ಸಾಕು. ‘ರೆಂಡರ್’ ಎಂಬುದನ್ನು ಮುಟ್ಟಬೇಕಿಲ್ಲ, ‘ರೆಂಡರ್ ಹಾಕು’, ‘ರೆಂಡರ್ ಆಯ್ತು’ ಎಂದು ಅದು ಕನ್ನಡದ್ದೇ ಆಗಿಬಿಟ್ಟಿದೆ.

ದೋಷಕ್ಕೆ ಹೆಸರಿಡುವ ಮುಂಚೆ ಅದು ಫೈಲಿನಲ್ಲಿದೆಯೋ ತೋರಿಸುವ ಯಂತ್ರದಲ್ಲಿದೆಯೋ ಗೊತ್ತಾಗಬೇಕು. ದೋಷ ಕಂಡ ನಿಮಿಷ, ಸೆಕೆಂಡು ಬರೆದುಕೊಳ್ಳಿ. ಅದೇ ಫೈಲನ್ನು ಕಂಪ್ಯೂಟರಿನ ವಿಡಿಯೋ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಒಮ್ಮೆ, ಬೇರೊಂದು ಫೋನಿನಲ್ಲಿ ಒಮ್ಮೆ ಅದೇ ಫ್ರೇಮಿಗೆ ನಿಲ್ಲಿಸಿ ನೋಡಿ. ಎರಡರಲ್ಲೂ ಅದೇ ಫ್ರೇಮಿನ ಅದೇ ಮೂಲೆಯಲ್ಲಿದ್ದರೆ ಫೈಲಿನದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕಂಡರೆ ಪ್ಲೇಯರಿನದು. ಚಿತ್ರ ನಡುವೆ ಅಡ್ಡಕ್ಕೆ ಕತ್ತರಿಸಿದಂತಾಗಿ ಮೇಲ್ಭಾಗ ಕೆಳಭಾಗ ಸರಿದು ನಿಲ್ಲುವುದು ಬಹುತೇಕ ಈ ಎರಡನೆಯ ಜಾತಿ. ಪರದೆ ಒಂದು ಚಿತ್ರವನ್ನು ಪೂರ್ತಿ ತೋರಿಸುವ ಮೊದಲೇ ಇನ್ನೊಂದು ಬಂದು ಸೇರಿಕೊಂಡಾಗ ಹೀಗಾಗುತ್ತದೆ. ಇದಕ್ಕೆ ‘ಸೀಳು’ ಎನ್ನೋಣ. ವಿ-ಸಿಂಕ್ (ಪರದೆಯ ವೇಗಕ್ಕೆ ಚಿತ್ರವನ್ನು ಹೊಂದಿಸುವ ಸೆಟ್ಟಿಂಗ್) ಆನ್ ಮಾಡಿದರೆ ಮುಗಿಯಿತು, ಮತ್ತೆ ರೆಂಡರ್ ಹಾಕುವ ಅಗತ್ಯವಿಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ನೋಡಿ ತೀರ್ಮಾನಿಸಬೇಡಿ, ಅದು ತಾನೇ ಮತ್ತೊಮ್ಮೆ ಹಿಂಡಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

‘ಒಡೆದಿದೆ’ ಎಂಬ ಮಾತು ನಿಜವಾಗಿ ಒಪ್ಪುವುದು ಚಿತ್ರ ಚೌಕ ಚೌಕವಾದಾಗ. ಇದಕ್ಕೆ ‘ಚೌಕಳಿ’ ನನ್ನ ಆಯ್ಕೆ. ಬಟ್ಟೆಯ ಚೌಕಳಿ ಎಲ್ಲರಿಗೂ ಗೊತ್ತಿರುವ ಪದ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರಿನ ದೃಶ್ಯ ತೆಗೆದುಕೊಳ್ಳಿ. ಕಣ್ಣು ಹಾಯ್ದಷ್ಟು ದೂರ ತಲೆಗಳು, ತೇರಿನ ಮೇಲೆ ಬೀಳುವ ಉತ್ತತ್ತಿ, ಜೊತೆಗೆ ಕ್ಯಾಮೆರಾ ಪ್ಯಾನ್. ವಿಡಿಯೋ ಹಿಂಡುವ ಎಚ್.264 ವಿಧಾನ ಚಿತ್ರವನ್ನು 16×16 ಪಿಕ್ಸೆಲಿನ ತುಂಡುಗಳಾಗಿ ನೋಡುತ್ತದೆ. ಪ್ರತಿ ತುಂಡೂ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತಿದ್ದರೆ ಕೊಟ್ಟ ಬಿಟ್‌ಗಳು ಎಲ್ಲಕ್ಕೂ ಸಾಲುವುದಿಲ್ಲ, ಒಳಗಿನ ವಿವರ ಅಳಿಸಿ ಅಂಚು ಮಾತ್ರ ಉಳಿಯುತ್ತದೆ. ಇಲ್ಲಿ ಬಿಟ್‌ರೇಟ್ ಏರಿಸುವುದು ಸರಿಯಾದ ಮದ್ದೇ. ಯೂಟ್ಯೂಬ್ 1080ಪಿ ವಿಡಿಯೋಗೆ ಸೆಕೆಂಡಿಗೆ 25 ಅಥವಾ 30 ಫ್ರೇಮಿದ್ದರೆ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್), 50 ಅಥವಾ 60 ಇದ್ದರೆ 12 ಎಂದು ಸೂಚಿಸುತ್ತದೆ. ಜಾತ್ರೆ, ಅಣೆಕಟ್ಟೆಯ ಗೇಟಿನಿಂದ ಧುಮುಕುವ ನೀರು, ಕುಂಕುಮ ಎರಚುವ ದೃಶ್ಯಗಳಿಗೆ ಅದರ ಎರಡರಷ್ಟು ಕೊಟ್ಟು, ಎರಡು ಪಾಸಿನ, ಅಂದರೆ ಮೊದಲು ವಿಡಿಯೋ ಅಳೆದು ಆಮೇಲೆ ಬೇಕಾದಲ್ಲಿ ಹೆಚ್ಚು ಬಿಟ್ ಹಂಚುವ, ವೇರಿಯಬಲ್ ಬಿಟ್‌ರೇಟಿನಲ್ಲಿ ಹಾಕಿ.

ಬಳ್ಳಾರಿ ಕೋಟೆ ಗುಡ್ಡದ ಹಿಂದಿನ ಸಂಜೆ ಆಕಾಶದಲ್ಲಿ ಬಣ್ಣ ನುಣ್ಣಗೆ ಇಳಿಯದೆ ಪದರ ಪದರವಾಗಿ ಕಂಡರೆ ಅದು ಬೇರೆ ಕತೆ. 8 ಬಿಟ್ ವಿಡಿಯೋದಲ್ಲಿ ಒಂದು ಬಣ್ಣಕ್ಕೆ 256 ಹಂತಗಳು. ಆಕಾಶ ಮೇಲಿನಿಂದ ಕೆಳಕ್ಕೆ 36 ಹಂತಗಳಷ್ಟೇ ಬದಲಾಗುತ್ತದೆ ಎನ್ನಿ, 1080 ಗೆರೆಗಳ ಚಿತ್ರದಲ್ಲಿ ಒಂದೊಂದು ಹಂತ 30 ಗೆರೆ ದಪ್ಪವಾಗಿ ಕೂರುತ್ತದೆ. ‘ಪಟ್ಟೆ’ ಎಂದು ಕೆಲವರು ಹೇಳುತ್ತಾರೆ. ನನಗೆ ‘ಬಣ್ಣದ ಮೆಟ್ಟಿಲು’ ಮೇಲೆನಿಸುತ್ತದೆ, ಏಕೆಂದರೆ ಹಂತ ಸಾಲದೆ ಬಂದದ್ದು ಎಂಬ ಕಾರಣ ಪದದಲ್ಲೇ ಇದೆ. ಕ್ಯಾಮೆರಾದಿಂದಲೇ 10 ಬಿಟ್ ಬಂದಿದ್ದರೆ ಎಚ್.264ರ ಮುಂದಿನ ಪೀಳಿಗೆಯ 10 ಬಿಟ್ ಎಚ್‌ಇವಿಸಿಯಲ್ಲಿ ರೆಂಡರ್ ಮಾಡಿ. ಮೂಲವೇ 8 ಬಿಟ್ ಇದ್ದು ಮೇಲೆ ಗ್ರೇಡಿಂಗ್ (ಬಣ್ಣ ತಿದ್ದುವುದು) ಎಳೆದಿದ್ದರೆ ಅಷ್ಟರಿಂದ ಆಗುವುದಿಲ್ಲ. ಎಲ್ಲದರ ಮೇಲಿನ ಲೇಯರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಗ್ರೇನ್ (ಸಣ್ಣ ಮರಳಿನಂಥ ಚುಕ್ಕೆ) ಸೇರಿಸಿ, ಮೆಟ್ಟಿಲಿನ ಅಂಚು ಚದುರುತ್ತದೆ.

‘ಪಟ್ಟೆ’ಯನ್ನು ಪೆಂಡಾಲಿನ ದೀಪದಡಿ ಚಿತ್ರದ ಮೇಲೆ ಹರಿದಾಡುವ ಕಪ್ಪು ಅಡ್ಡಪಟ್ಟೆಗಳಿಗೆ ಕಾಯ್ದಿಡೋಣ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾದ ಶಟರ್ 1/60 ಸೆಕೆಂಡಿನಲ್ಲಿದ್ದರೆ ಲೆಕ್ಕ ಕೂಡುವುದಿಲ್ಲ. 1/50 ಅಥವಾ 1/100 ಇಡಬೇಕು. ಇದು ರೆಂಡರಿನ ತಪ್ಪೇ ಅಲ್ಲ, ಶೂಟಿಂಗಿನದು.

ಹಳೆಯ ಕ್ಯಾಮೆರಾಗಳ 1080ಐ ಫೈಲುಗಳಲ್ಲಿ ಓಡುವ ಮಗುವಿನ ಅಂಚು ಮಾತ್ರ ಹಲ್ಲು ಹಲ್ಲಾಗಿ, ಹಿಂದಿನ ಗೋಡೆ ಸ್ವಚ್ಛವಾಗಿ ಕಾಣುತ್ತದೆ. ಒಂದು ಫ್ರೇಮಿನೊಳಗೆ ಸೆಕೆಂಡಿನ 50ನೇ ಒಂದು ಭಾಗದ ಅಂತರದ ಎರಡು ಅರ್ಧಚಿತ್ರಗಳು ಸಾಲುಬಿಟ್ಟು ಸಾಲು ಹೆಣೆದಿರುವುದೇ ಕಾರಣ. ‘ಹಣಿಗೆಹಲ್ಲು’ ಎನ್ನಬಹುದು, ನಮ್ಮಲ್ಲಿ ಬಾಚಣಿಗೆಗೆ ಹಣಿಗೆ ಎಂದೇ ಹೇಳುವುದು. ಮೊದಲು ಡಿಇಂಟರ್ಲೇಸ್ (ಹೆಣೆದ ಸಾಲು ಬಿಡಿಸುವುದು), ಆಮೇಲೆ ಗಾತ್ರ ಬದಲಾವಣೆ. ಈ ಕ್ರಮ ತಿರುವುಮುರುವಾದರೆ ಹಲ್ಲುಗಳು ಚಿತ್ರದಲ್ಲೇ ಬೆರೆತುಹೋಗಿ ಮತ್ತೆ ಬಿಡಿಸಲಾಗದು. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ (ಅರ್ಧಚಿತ್ರ) ಮೊದಲು, ಹಳೆಯ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಇದು ಅದಲುಬದಲಾದರೆ ನಡೆಯುವವರು ಮುಂದೆ ಹಿಂದೆ ನಡುಗುತ್ತಾರೆ.

ಇನ್ನು ಅಕ್ಷರ. ಶೀರ್ಷಿಕೆಯಲ್ಲಿ ‘ಬಳ್‌ಳಾರಿ’, ‘ಕೊಪ್‌ಪಳ’ ಎಂದು ಒತ್ತು ಕಳಚಿ ಬಿದ್ದರೂ ‘ಅಕ್ಷರ ಒಡದೈತೆ’ ಎನ್ನುತ್ತೇವೆ, ಅಕ್ಷರದ ಅಂಚು ಕಲಸಿ ಮಬ್ಬಾದರೂ ‘ಒಡದೈತೆ’ ಎನ್ನುತ್ತೇವೆ. ಮೊದಲನೆಯದು ‘ಒತ್ತು ಕಳಚಿದೆ’. ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್ ಪ್ರೊನಲ್ಲಿ ಪ್ರಿಫರೆನ್ಸಸ್ ಒಳಗಿನ ಗ್ರಾಫಿಕ್ಸ್‌ಗೆ ಹೋಗಿ ಪಠ್ಯ ಎಂಜಿನನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಿ, ಯೂನಿಕೋಡ್ ಫಾಂಟಿನಲ್ಲಿ ಮತ್ತೆ ಟೈಪಿಸಿ. ಎರಡನೆಯದಕ್ಕೆ ಬಟ್ಟೆ ಒಗೆಯುವಾಗಿನ ‘ಬಣ್ಣ ಬಿಟ್ಟಿದೆ’ ಚೆನ್ನಾಗಿ ಹೊಂದುತ್ತದೆ. 4:2:0 ವಿಡಿಯೋದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲಿಗೂ ಇರುತ್ತದೆ, ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲಿಗೆ ಒಂದು. ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದರೆ ಎರಡೂ ಮಂದಬೆಳಕಿನ ಬಣ್ಣಗಳು. ಅಂಚು ಹಿಡಿದಿಡಲು ಬೆಳಕಿನ ಅಂತರ ಸಾಲದೆ ‘ಕ್ಷ್ಮೀ’ಯ ಒಳಸುತ್ತುಗಳು ತುಂಬಿಕೊಂಡುಬಿಡುತ್ತವೆ. ಹಳದಿಯ ಮೇಲೆ ಕೆಂಪು ಇಷ್ಟು ಕೆಡುವುದಿಲ್ಲ, ಹಳದಿ ಬಹಳ ಬೆಳಕಿನ ಬಣ್ಣ. ನೀಲಿ ಬೇಕೇ ಬೇಕೆಂದರೆ ಅಕ್ಷರಕ್ಕೆ 3–4 ಪಿಕ್ಸೆಲಿನ ಬಿಳಿ ಅಂಚು ಕೊಡಿ.

ಬಳ್ಳಾರಿಯ ಜೀನ್ಸ್ ಜಾಹೀರಾತುಗಳಲ್ಲಿ ಪ್ಯಾಂಟಿನ ಮೇಲೆ ಬಣ್ಣಬಣ್ಣದ ಅಲೆಗಳು ಏಳುವುದಕ್ಕೆ ‘ನೀರಲೆ’ ಎನ್ನೋಣವೇ? ಫ್ರೆಂಚಿನ ‘ಮ್ವಾರೆ’ ಕೂಡ ನೀರಲೆಯ ಹೊಳಪಿನ ಬಟ್ಟೆಯ ಹೆಸರೇ. ಡೆನಿಮಿನ ಓರೆ ನೇಯ್ಗೆ ಪಿಕ್ಸೆಲಿಗಿಂತ ಸಣ್ಣದಾದಾಗ ಬರುವ ದೋಷವಿದು. 4ಕೆಯಲ್ಲಿ ತೆಗೆದು 1080ಕ್ಕೆ ಇಳಿಸುವಾಗ ಹುಟ್ಟಿದ್ದರೆ, ಇಳಿಸುವ ಮೊದಲು ಒಂದು ಪಿಕ್ಸೆಲಿನಷ್ಟು ಬ್ಲರ್ ಕೊಟ್ಟು ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ ಆನ್ ಮಾಡಿ. ಶಾರ್ಪನ್ ಮಾತ್ರ ಮುಟ್ಟಬೇಡಿ.

‘ಜಿಗಿತ’, ‘ತಡವರಿಕೆ’ ಎಂಬೆರಡನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. 30 ಫ್ರೇಮಿನ ತುಣುಕನ್ನು 25ರ ಟೈಮ್‌ಲೈನಿಗೆ ಹಾಕಿದರೆ ಪ್ರತಿ ಆರನೇ ಫ್ರೇಮು ಬಿದ್ದುಹೋಗುತ್ತದೆ, ಚಿತ್ರ ಜಿಗಿಯುತ್ತದೆ. 25ರದ್ದನ್ನು 30ಕ್ಕೆ ಹಾಕಿದರೆ ಐದಕ್ಕೊಂದು ಫ್ರೇಮು ಎರಡು ಸಲ ಬಂದು ತಡವರಿಸುತ್ತದೆ. ಫೋನಿನ ವಿಡಿಯೋದಲ್ಲಿ ಫ್ರೇಮ್‌ರೇಟೇ ಒಂದು ಸಮ ಇರುವುದಿಲ್ಲ, ಎಡಿಟಿಗೆ ಮುನ್ನ ಫೈಲು ಪರಿವರ್ತಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟಿಗೆ ತಿರುಗಿಸಿಕೊಳ್ಳಬೇಕು.

ಇದ್ದಕ್ಕಿದ್ದಂತೆ ಒಂದೆರಡು ಫ್ರೇಮು ಪೂರ್ತಿ ಹಸಿರಾಗುವುದು, ಕಪ್ಪು ಆಯತ ಬರುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ಕಡೆಯ ತೊಂದರೆ: ಮೆಮೊರಿ ತುಂಬಿರುವುದು, ಡ್ರೈವರ್ ಹೊಂದದಿರುವುದು, ರಾಯಚೂರಿನ ಬೇಸಿಗೆಯಲ್ಲಾದರೆ ಕಾರ್ಡು ಕಾದಿರುವುದು. ಇಡೀ ವಿಡಿಯೋ ಮತ್ತೆ ಹಾಕಬೇಡಿ. ದೋಷದ ಆಚೀಚೆ 10 ಸೆಕೆಂಡು ಗುರುತುಮಾಡಿ, ಹಾರ್ಡ್‌ವೇರ್ ಎನ್‌ಕೋಡಿಂಗ್ ಬದಲು ಸಾಫ್ಟ್‌ವೇರ್ ಆರಿಸಿ, ಅಷ್ಟನ್ನೇ ರೆಂಡರ್ ಮಾಡಿ. ಮಾಯವಾದರೆ ಎನ್‌ಕೋಡರಿನದು. ಉಳಿದರೆ ಕ್ಯಾಶ್ (ತಂತ್ರಾಂಶ ಇಟ್ಟುಕೊಂಡ ತಾತ್ಕಾಲಿಕ ಫೈಲು) ಅಳಿಸಿ, ಎಫೆಕ್ಟುಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬನ್ನಿ; ನಾಯ್ಸ್ ರಿಡಕ್ಷನ್‌ನಿಂದ ಶುರುಮಾಡಿದರೆ ಬೇಗ ಸಿಗುತ್ತದೆ. ಇದಕ್ಕೆ ‘ಹಸಿರು ಫ್ರೇಮು’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ನನಗೆ ಪದ ಸಿಗದಿರುವುದು ಇದಕ್ಕೆ: ಹೊಸ ದೃಶ್ಯ ಬಂದರೂ ಹಳೆಯ ದೃಶ್ಯದ ಮುಖ ಅಲ್ಲೇ ಉಳಿದು, ಹೊಸಬರ ಚಲನೆಯ ಜೊತೆ ಎಳೆದಾಡುತ್ತದೆ. ಒಂದೆರಡು ಸೆಕೆಂಡಿನಲ್ಲಿ ತಟ್ಟನೆ ಸರಿಹೋಗುತ್ತದೆ. ಪೂರ್ತಿ ಚಿತ್ರ ಇರುವ ಕೀಫ್ರೇಮ್ ಕಳೆದುಹೋಗಿ, ಬದಲಾವಣೆಯನ್ನಷ್ಟೇ ಹೊತ್ತ ಮುಂದಿನ ಫ್ರೇಮುಗಳು ಹಳೆಯ ಚಿತ್ರದ ಮೇಲೆ ಕೂತದ್ದು ಕಾರಣ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ನಕಲು ಅರ್ಧಕ್ಕೆ ಕೆಟ್ಟಾಗ, ಮರು ಎನ್‌ಕೋಡ್ ಮಾಡದೆ ತುಂಡು ಜೋಡಿಸಿದಾಗ ಬರುತ್ತದೆ. ಕಾರ್ಡಿನಿಂದ ಮತ್ತೆ ನಕಲಿಸಿ ಎರಡು ಕಡೆಯ ಫೈಲಿನ ಗಾತ್ರ ಬೈಟಿನವರೆಗೂ ತಾಳೆ ನೋಡಿ, ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರವಾಗಿಡುವ ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೋರೆಸ್‌ಗೆ ತಿರುಗಿಸಿ ಎಡಿಟ್ ಮಾಡಿದರೆ ಹೋಗುತ್ತದೆ. ‘ಮೆತ್ತಿಕೊಂಡೈತಿ’ ಎಂಬ ಕ್ರಿಯಾಪದ ಹೊಂದುತ್ತದೆ, ಆದರೆ ಅದರಿಂದ ನಾಮಪದ ಮಾಡಹೊರಟರೆ ‘ಮೆತ್ತಿಕೆ’ ಕಿವಿಗೆ ಒಗ್ಗುತ್ತಿಲ್ಲ, ‘ಬಳಿಕೆ’ಯೂ ಅಷ್ಟೇ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಸ್ಟುಡಿಯೋಗಳಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ ತಿಳಿಸಿ. ಕೀಫ್ರೇಮಿಗೆ ‘ತುಂಬುಚಿತ್ರ’, ಉಳಿದವಕ್ಕೆ ‘ಬದಲುಚಿತ್ರ’ ಎಂದರೆ ನಡೆದೀತೇ ಎಂಬುದನ್ನೂ ಹೇಳಿ.