ಹೊಸತೊಡಕಿನ ಕೋಳಿ ಮೂಳೆ, ಒಂದು ಪಾತ್ರೆ ರಸ: ಫ್ರೀಜರ್‌ಗೆ ಇಡೋದು ಹೇಗೆ?

ಪ್ರಶ್ನೆ (ಬೆಂಗಳೂರು): ಷೆಫ್ ಸರ್, ನಮಸ್ಕಾರ. ನಮ್ಮದು ಮಂಡ್ಯ ಕಡೆ, ಈಗ ಬೆಂಗಳೂರಿನಲ್ಲಿ ಇದ್ದೇವೆ. ಹೊಸತೊಡಕಿಗೆ ಮೂರು ನಾಟಿ ಕೋಳಿ ತಂದಿದ್ದೆವು. ಕಾಲು, ಕುತ್ತಿಗೆ, ಬೆನ್ನುಮೂಳೆ ಎಲ್ಲ ಫ್ರಿಜ್ಜಿನಲ್ಲಿ ತೆಗೆದಿಟ್ಟು ನಿನ್ನೆ ಬೇಯಿಸಿದೆ. ಸುಮಾರು 5 ಲೀಟರ್ ರಸ ಬಂತು. ರಾತ್ರಿ 10ಕ್ಕೆ ಒಲೆ ಆರಿಸಿ, ಮುಚ್ಚಳ ಮುಚ್ಚಿ ಅಡುಗೆ ಕಟ್ಟೆ ಮೇಲೆ ಬಿಟ್ಟು ಮಲಗಿದೆ. ಬೆಳಗ್ಗೆ 6ಕ್ಕೆ ಮುಟ್ಟಿ ನೋಡಿದರೆ ಪಾತ್ರೆ ಇನ್ನೂ ಉಗುರುಬೆಚ್ಚಗಿತ್ತು. ವಾಸನೆ ಚೆನ್ನಾಗಿಯೇ ಇದೆ. ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲಿ ಇಟ್ಟುಬಿಡಲಾ? ಎಷ್ಟು ದಿನ ಬರುತ್ತದೆ?

ಷೆಫ್: ಅಕ್ಕ, ಹೇಳೋಕೆ ಬೇಜಾರು. ಅದನ್ನು ಚೆಲ್ಲಿಬಿಡಿ. ಮೂರು ನಾಟಿ ಕೋಳಿಯ ಮೂಳೆ ಅಂದರೆ ಏನು ಅಂತ ನನಗೂ ಗೊತ್ತು. ಆದರೂ ಚೆಲ್ಲಿ.

ಎಲ್ಲರೂ ಫ್ರೀಜರ್ ಬಗ್ಗೆಯೇ ಕೇಳುತ್ತಾರೆ. ರಸ ಕೆಡುವುದು ಫ್ರೀಜರ್‌ನಲ್ಲಿ ಅಲ್ಲ, ಒಲೆಯಿಂದ ಇಳಿದು ಫ್ರೀಜರ್ ಸೇರುವ ಮಧ್ಯದಲ್ಲಿ. 60 ಡಿಗ್ರಿಯಿಂದ ಕೆಳಗೆ, 5 ಡಿಗ್ರಿಯಿಂದ ಮೇಲೆ ಇರುವಷ್ಟು ಹೊತ್ತು ಕ್ರಿಮಿಗಳಿಗೆ ಹಬ್ಬ. ಕುದಿಸಿದ್ದೀನಲ್ಲ, ಎಲ್ಲ ಸತ್ತಿರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಕೋಳಿ ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಬರಬಹುದು. ಅದು ಬೀಜದ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ಕುದಿಯುವ ನೀರಿನಲ್ಲೂ ಬದುಕುತ್ತದೆ. ರಸ ನಿಧಾನವಾಗಿ ಆರುವಾಗ ಎಚ್ಚರವಾಗಿ ಮೊಳೆಯುತ್ತದೆ. ಅದಕ್ಕೆ ಗಾಳಿ ಬೇಡ, ಬೆಚ್ಚಗಿನ ಜಾಗ ಸಾಕು. ಮುಚ್ಚಿಟ್ಟ ದೊಡ್ಡ ಪಾತ್ರೆ ಅದಕ್ಕೆ ಅರಮನೆ. ನಿಮ್ಮ ಪಾತ್ರೆ ಎಂಟು ಗಂಟೆ ಹಾಗೇ ಕೂತಿತ್ತು. ವಾಸನೆ ನೋಡಿ ತೀರ್ಮಾನ ಮಾಡಬೇಡಿ. ಹೊಟ್ಟೆ ಕೆಡಿಸುವ ಕ್ರಿಮಿಗಳು ಎಷ್ಟೋ ಸಲ ವಾಸನೆಯನ್ನೇ ಕೊಡುವುದಿಲ್ಲ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೋಟೆಲ್ ಅಡುಗೆಮನೆಯಲ್ಲಿ 40 ಲೀಟರ್ ಸ್ಟಾಕ್, ಅಂದರೆ ಇದೇ ಮೂಳೆ ರಸ, ಕಾಯಿಸಿ, ಫ್ಯಾನ್ ಕೆಳಗೆ ಇಟ್ಟು ಮನೆಗೆ ಹೋದೆ. ಬೆಳಗ್ಗೆ ಪಾತ್ರೆ ಹೊರಗಿನಿಂದ ತಣ್ಣಗಿತ್ತು. ಸೌಟು ಅದ್ದಿದರೆ ನಡುವೆ ಬಿಸಿ, ಮೇಲೆ ಸಣ್ಣ ಸಣ್ಣ ಗುಳ್ಳೆ. ದೊಡ್ಡ ಷೆಫ್ ಬೈಯಲಿಲ್ಲ. ಪೂರ್ತಿ ಪಾತ್ರೆಯನ್ನು ನನ್ನ ಕೈಯಿಂದಲೇ ಮೋರಿಗೆ ಸುರಿಸಿದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅದೇ ಅಕ್ಕ: ಅಯ್ಯೋ! ಚೆನ್ನಾಗಿ 10 ನಿಮಿಷ ಮತ್ತೆ ಕುದಿಸಿದರೂ ಆಗಲ್ವಾ ಸರ್? ನಮ್ಮಜ್ಜಿ ಸಾರನ್ನು ಬೆಳಗ್ಗೆ ಸಂಜೆ ಕುದಿಸಿ ಕುದಿಸಿ ಮೂರು ದಿನ ಇಡುತ್ತಿದ್ದರು. ಆಗ ಫ್ರಿಜ್ಜೇ ಇರಲಿಲ್ಲ.

ಷೆಫ್: ಕುದಿಸಿದರೆ ಆಗ ಬದುಕಿರುವ ಕ್ರಿಮಿ ಸಾಯುತ್ತವೆ, ನಿಜ. ಆದರೆ ಕೆಲವು ಜಾತಿಯ ಕ್ರಿಮಿ ಅಷ್ಟರಲ್ಲೇ ವಿಷ ಬಿಟ್ಟಿರುತ್ತವೆ. ಆ ವಿಷ ಕುದಿಸಿದರೂ ಹೋಗುವುದಿಲ್ಲ.

ಅಜ್ಜಿ ಸಾರಿನ ವಿಷಯ ಬೇರೆ. ಅದರಲ್ಲಿ ಉಪ್ಪು, ಖಾರ ಇತ್ತು, ಕೆಲವು ಮನೆಯಲ್ಲಿ ಹುಳಿಯೂ ಇತ್ತು. ಒಲೆಯ ಕೆಂಡದ ಮೇಲೆ ಪಾತ್ರೆ ಬಿಸಿಯಾಗಿಯೇ ಕೂತಿರುತ್ತಿತ್ತು. ನಿಮ್ಮ ರಸ ಸಪ್ಪೆ. ಉಪ್ಪಿಲ್ಲ, ಹುಳಿಯಿಲ್ಲ, ತಡೆಯೋಕೆ ಏನೂ ಇಲ್ಲ. ಅಜ್ಜಿ ಕಾಲದಲ್ಲೂ ಹೊಟ್ಟೆ ಕೆಡುತ್ತಿತ್ತು ಬಿಡಿ, ಆಗ ದೃಷ್ಟಿ ಆಗಿದೆ ಅನ್ನುತ್ತಿದ್ದರು.

ಅದೇ ಅಕ್ಕ: ಚೆಲ್ಲಿದೆ ಸರ್. ಗಿಡಕ್ಕೂ ಹಾಕಲಿಲ್ಲ, ಬೆಕ್ಕು ಕುಡಿಯುತ್ತೆ ಅಂತ. ಫ್ರಿಜ್ಜಿನಲ್ಲಿ ಇನ್ನೊಂದಷ್ಟು ಮೂಳೆ ಇದೆ, ನಾಳೆ ಮತ್ತೆ ಮಾಡುತ್ತೇನೆ. ಈ ಸಲ ಸರಿಯಾಗಿ ಹೇಳಿಕೊಡಿ.

ಷೆಫ್: ಹೋಟೆಲ್‌ನಲ್ಲಿ ನಾವು ಪಾಲಿಸುವ ಲೆಕ್ಕ ಇದು: 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು. ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಮಾತು ನೆನಪಿಡಿ. ಒಲೆ ಆರಿಸಿ ಎರಡು ಗಂಟೆಯಲ್ಲಿ ರಸ ಕೈಗೆ ತಣ್ಣಗೆ ಅನ್ನಿಸಬೇಕು, ಆಗಲೇ ಅದು ಫ್ರಿಜ್ ಸೇರಬೇಕು.

ಮೊದಲ ಕೆಲಸ, ಆ ದೊಡ್ಡ ಪಾತ್ರೆಯನ್ನು ಬಿಟ್ಟುಬಿಡುವುದು. ಬಿಸಿ ಇರುವಾಗಲೇ ಮೂಳೆ ಸೋಸಿ ತೆಗೆಯಿರಿ. ರಸವನ್ನು ಮೂರು ನಾಲ್ಕು ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಹಂಚಿ, ಎರಡು ಮೂರು ಇಂಚಿಗಿಂತ ಆಳ ಬೇಡ. ಸ್ಟೀಲ್ ಶಾಖವನ್ನು ಬೇಗ ಬಿಡುತ್ತದೆ, ಪ್ಲಾಸ್ಟಿಕ್ ಬಿಡಲ್ಲ. ಆ ಪಾತ್ರೆಗಳನ್ನು ಸಿಂಕ್‌ನಲ್ಲೋ ಬಕೆಟ್‌ನಲ್ಲೋ ತಣ್ಣೀರು ತುಂಬಿಸಿ ಕೂರಿಸಿ. ಐದು ಹತ್ತು ನಿಮಿಷಕ್ಕೊಮ್ಮೆ ಸೌಟಿನಿಂದ ತಿರುವಿ. ಹೊರಗಿನ ನೀರು ಬೆಚ್ಚಗಾದರೆ ಬದಲಿಸಿ, ಐಸ್ ಇದ್ದರೆ ಹಾಕಿ. ಮುಚ್ಚಳ ಪೂರ್ತಿ ಮುಚ್ಚಬೇಡಿ. ನೊಣ ಬರುತ್ತೆ ಅಂದರೆ ಜಾಲರಿ ಮುಚ್ಚಿ.

ಇಲ್ಲಿ ನಮ್ಮ ಊರಿನ ಒಂದು ತೊಂದರೆ ಇದೆ. ಯುಗಾದಿ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಲ್ಲಿ ತಿರುಗಿಸಿ ನೋಡಿ. ತಾರಸಿ ಮೇಲಿನ ಟ್ಯಾಂಕಿನಿಂದ ಸ್ನಾನಕ್ಕೆ ಆಗುವಷ್ಟು ಬಿಸಿ ನೀರು ಬರುತ್ತದೆ! ಅದರಲ್ಲಿ ರಸ ಆರಿಸುವುದು ಹೇಗೆ? ಅದಕ್ಕೇ ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆ ಬೇಗ ಶುರು ಮಾಡಿ. ಇಲ್ಲವೇ ಹಿಂದಿನ ದಿನವೇ ಎರಡು ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿಸಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ, ಬಕೆಟ್ ನೀರಿಗೆ ಹಾಕಿ. ಬಾವಿ ಇರುವ ಮನೆಯವರು ಪುಣ್ಯವಂತರು.

ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಮುಚ್ಚಿ ಫ್ರಿಜ್ಜಿನ ಕೆಳಗಿನ ಭಾಗಕ್ಕೆ. ಕುದಿಯುವ ಪಾತ್ರೆಯನ್ನು ನೇರ ಫ್ರಿಜ್ಜಿಗೆ ತಳ್ಳಬೇಡಿ, ಪಕ್ಕದ ಹಾಲು ಮೊಸರು ಬಿಸಿಯಾಗುತ್ತವೆ. ಒಂದು ರಾತ್ರಿ ಕಳೆದರೆ ಕೊಬ್ಬು ಮೇಲೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಚಮಚದಿಂದ ಎತ್ತಿ ತೆಗೆಯಿರಿ. ಆಮೇಲೆ ಡಬ್ಬಿಗೆ ತುಂಬಿ ಫ್ರೀಜರ್‌ಗೆ.

ಫ್ರಿಜ್ಜಿನಲ್ಲಾದರೆ 3ರಿಂದ 4 ದಿನ. ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಾದರೆ 3 ತಿಂಗಳೊಳಗೆ ಮುಗಿಸಿ. ಗಟ್ಟಿಯಾಗಿ ಹೆಪ್ಪುಗಟ್ಟಿಯೇ ಇದ್ದರೆ ಆಮೇಲೂ ವಿಷವಾಗಲ್ಲ, ರುಚಿ ಇಳಿಯುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಸರ್, ಕೊಬ್ಬು ಯಾಕೆ ತೆಗೀಬೇಕು? ರುಚಿ ಇರೋದೇ ಅದರಾಗ ಅಲ್ಲೇನ್ರಿ?

ಷೆಫ್: ಫ್ರಿಜ್ಜಿನಲ್ಲಿ ಮೂರು ದಿನ ಇಡುವುದಾದರೆ ಬಿಡ್ರಿ, ಮುಚ್ಚಳದ ಹಾಗೆ ಕಾಯುತ್ತದೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೊಬ್ಬಿಗೆ ಕಮಟು ವಾಸನೆ ಬರುತ್ತದೆ. ಮೊದಲು ಕೆಡೋದೇ ಅದು. ತೆಗೆದದ್ದನ್ನು ಎಸೆಯಬೇಡಿ. ಎರಡು ಮೂರು ದಿನದೊಳಗೆ ಅದರಲ್ಲೇ ಈರುಳ್ಳಿ ಹುರಿದು ಸಾರಿನ ಒಗ್ಗರಣೆ ಹಾಕಿ ನೋಡಿ, ಆಮೇಲೆ ನನಗೆ ಹೇಳ್ರಿ.

ಪ್ರಶ್ನೆ (ಮೈಸೂರು): ನಾನು ಫ್ರಿಜ್ಜಿನಲ್ಲಿ ಇಟ್ಟ ರಸ ಬೆಳಗ್ಗೆ ಹಾಲ್ಬಾಯಿ ಥರ ಗಟ್ಟಿಯಾಗಿದೆ. ಅಲುಗಾಡಿಸಿದರೆ ನಡುಗುತ್ತೆ. ಕೆಟ್ಟಿದೆಯಾ?

ಷೆಫ್: ಮೇಡಂ, ಕೆಟ್ಟಿಲ್ಲ, ಗೆದ್ದಿದ್ದೀರಿ! ಮೂಳೆ, ಚರ್ಮ, ಕೀಲಿನಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನ್ ನಿಧಾನವಾಗಿ ಬೆಂದು ಜೆಲಟಿನ್ ಆಗುತ್ತದೆ. ತಣ್ಣಗಾದಾಗ ಅದೇ ಕಟ್ಟಿಕೊಳ್ಳುತ್ತದೆ. ಕೋಳಿ ಕಾಲು ಹಾಕಿದ್ದೀರಿ ಅಲ್ವಾ? ಮೇಕೆ ಕಾಲು ಸೂಪ್ ಮಾಡುವವರಿಗೆ ಇದು ಹೊಸದಲ್ಲ. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ.

ಪ್ರಶ್ನೆ (ಮಂಗಳೂರು): ಸುಮ್ನೆ ರಸ ಯಾಕೆ, ಕೋರಿ ಗಸಿಯನ್ನೇ (ನಮ್ಮ ಕಡೆಯ ಕಾಯಿ ಹಾಕಿದ ಕೋಳಿ ಸಾರು) ಮಾಡಿ ಫ್ರೀಜ್ ಮಾಡಿದರೆ ಆಗದಾ? ಒಮ್ಮೆ ಮಾಡಿದ್ದೆ, ತೆಗೆದಾಗ ತೆಂಗಿನ ಹಾಲು ಒಡೆದು ಚೂರು ಚೂರಾಗಿತ್ತು.

ಷೆಫ್: ಆಗದು ಅಂತಲ್ಲ, ಆದರೆ ಅದೇ ಆಗುತ್ತದೆ. ಹೆಪ್ಪುಗಟ್ಟಿ ಕರಗುವಾಗ ತೆಂಗಿನ ಹಾಲಿನ ಎಣ್ಣೆ ನೀರು ಬೇರೆಯಾಗುತ್ತವೆ. ಕೆಟ್ಟದ್ದೇನಲ್ಲ, ನೋಡೋಕೆ ಚೆನ್ನಾಗಿರಲ್ಲ. ಮಸಾಲೆ ರುಬ್ಬುವುದು, ಕಾಯಿ ಹಾಲು ಹಾಕುವುದು ಎಲ್ಲ ರಸ ಕರಗಿಸಿದ ದಿನ ಮಾಡಿ. ಉಪ್ಪು ಕೂಡ ಆ ದಿನವೇ. ಮೊದಲೇ ಹಾಕಿದರೆ ಆಮೇಲೆ ಬತ್ತಿಸಿದಾಗ ಉಪ್ಪುಪ್ಪಾಗುತ್ತದೆ. ಲವಂಗ, ಮೆಣಸೂ ಬೇಡ. ಫ್ರೀಜರ್‌ನಲ್ಲಿ ಅವುಗಳ ಘಾಟು ಏರುತ್ತದೆ.

ಪ್ರಶ್ನೆ (ತುಮಕೂರು): ಅಣ್ಣ, ಎಂಥ ಡಬ್ಬಿ? ಗಾಜಿನ ಉಪ್ಪಿನಕಾಯಿ ಜಾಡಿ ತೊಳೆದು ಕುತ್ತಿಗೆವರೆಗೂ ತುಂಬಿಸಿ ಇಟ್ಟಿದ್ದೆ. ಬೆಳಗ್ಗೆ ಸೀಳಿತ್ತು. ಹಾಲಿನ ಪ್ಯಾಕೆಟ್ ತೊಳೆದು ಬಳಸಬಹುದಾ?

ಷೆಫ್: ಒಡೆದ ಜಾಡಿಯ ರಸವನ್ನು ಸೋಸಿ ಬಳಸೋಣ ಅಂತ ಮಾತ್ರ ಯೋಚನೆ ಮಾಡಬೇಡ ತಂಗಿ, ಗಾಜಿನ ಪುಡಿ ಕಣ್ಣಿಗೆ ಕಾಣಲ್ಲ.

ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಒಂದು ಲೀಟರ್ ಡಬ್ಬಿಗೆ ಲೀಟರ್ ತುಂಬಿಸಿದರೆ ಆ ಹೆಚ್ಚುವರಿ ಎಲ್ಲಿಗೆ ಹೋಗಬೇಕು? ಗಾಜು ಬಿಡು. ಸ್ಟೀಲ್ ಡಬ್ಬಿ ಅಥವಾ ಗಟ್ಟಿ ಫ್ರೀಜರ್ ಡಬ್ಬಿ ತಗೋ, ಮೇಲೆ ಒಂದು ಇಂಚು ಖಾಲಿ ಬಿಡು. ಹಾಲಿನ ಪ್ಯಾಕೆಟ್ ಬೇಡ. ಮೂಲೆಯಲ್ಲಿ ಜಿಡ್ಡು ಉಳಿಯುತ್ತದೆ, ಎಷ್ಟು ತೊಳೆದರೂ ಹೋಗಲ್ಲ, ತೂತಾಗೋದೂ ಜಾಸ್ತಿ. ಜಿಪ್ ಇರುವ ದಪ್ಪ ಕವರ್ ಸಿಕ್ಕಿದರೆ ಅರ್ಧ ಲೀಟರ್ ಹಾಕಿ, ಗಾಳಿ ತೆಗೆದು, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸು. ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ನಿಲ್ಲಿಸಬಹುದು.

ಜಾಗ ಇಲ್ಲ ಅಂದರೆ ಬತ್ತಿಸು. ಸೋಸಿದ 4 ಲೀಟರನ್ನು ದೊಡ್ಡ ಉರಿಯಲ್ಲಿ ಕುದಿಸಿ 1 ಲೀಟರ್‌ಗೆ ಇಳಿಸು. ಆರಿಸಿ ಐಸ್ ಟ್ರೇಗೆ ಹಾಕು, ಗಟ್ಟಿಯಾದ ತುಂಡುಗಳನ್ನು ಕವರ್‌ಗೆ ತುಂಬು. ಎರಡು ತುಂಡಿಗೆ ಒಂದು ಲೋಟ ನೀರು ಸೇರಿಸಿದರೆ ರಸ ರೆಡಿ. ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ಬೀಳುತ್ತದೆ. ಹೆಂಡತಿಗೆ ಇದು ಇಷ್ಟ ಇಲ್ಲ, ಅದು ಬೇರೆ ಮಾತು.

ಪ್ರಶ್ನೆ (ಸಕಲೇಶಪುರ): ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಒಂದೂವರೆ ದಿನ ಬರಲ್ಲ. ನಮ್ಮದು ಸಿಂಗಲ್ ಡೋರ್ ಫ್ರಿಜ್. ಇದೆಲ್ಲ ನಮಗಲ್ಲ ಬಿಡಿ, ಅಲ್ವಾ ಸರ್?

ಷೆಫ್: ನಿಮಗೂ ಆಗುತ್ತದೆ, ಆದರೆ ಲೆಕ್ಕ ಬೇರೆ. ಪ್ರತ್ಯೇಕ ಬಾಗಿಲಿರುವ ಫ್ರೀಜರ್ ತುಂಬಿದ್ದು, ಬಾಗಿಲು ತೆರೆಯದೇ ಇದ್ದರೆ 48 ಗಂಟೆ ತಡೆಯುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿನ ಐಸ್ ಬಾಕ್ಸ್‌ನಿಂದ ಅಷ್ಟು ನಿರೀಕ್ಷೆ ಬೇಡ. ಎಷ್ಟೋ ಐಸ್ ಬಾಕ್ಸ್ ಮೈನಸ್ 18ಕ್ಕೆ ಇಳಿಯುವುದೇ ಇಲ್ಲ. ನಿಮ್ಮದನ್ನು ನೋಡಬೇಕಾದರೆ ಒಂದು ಕಪ್ ಐಸ್‌ಕ್ರೀಂ ಇಡಿ. ಮಾರನೇ ದಿನ ಚಮಚ ಸಲೀಸಾಗಿ ಇಳಿದರೆ ಅಲ್ಲಿ ರಸವನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ಇಡಬೇಡಿ.

ಊರಿಗೆ ಹೋಗಿ ಬರುವಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಅಂತ ತಿಳಿಯಲು ಒಂದು ಉಪಾಯ. ಲೋಟದಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿ ಸಿಕ್ಕಿಕೊಂಡಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಯೋಚನೆ ಮಾಡದೆ ಎಸೆಯಿರಿ. ಕರೆಂಟ್ ಬಂದಾಗ ರಸದಲ್ಲಿ ಇನ್ನೂ ಐಸ್ ತುಂಡುಗಳು ಇದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು.

ಪ್ರಶ್ನೆ (ಕೋಲಾರ): ಮಗಳು ಬಾಣಂತಿ. ವಾರಕ್ಕೆ ಎರಡು ಸಲ ನಾಟಿ ಕೋಳಿ ಸಾರು ಕೊಡುತ್ತಿದ್ದೇವೆ. ಫ್ರೀಜ್ ಮಾಡಿದ ರಸದಲ್ಲಿ ಮಾಡಿ ಕೊಡಬಹುದಾ? ಅವಳ ಅತ್ತೆ ಫ್ರಿಜ್ಜಿನದು ಮುಟ್ಟಿಸಲೇಬಾರದು ಅನ್ನುತ್ತಾರೆ.

ಷೆಫ್: ಅಮ್ಮ, ಸರಿಯಾಗಿ ಆರಿಸಿ, ಸರಿಯಾಗಿ ಇಟ್ಟು, ಮತ್ತೆ ಮಳ್ಳುವ ಹಾಗೆ ಕುದಿಸಿದ್ದರೆ ತೊಂದರೆಯಿಲ್ಲ. ಆದರೆ ಬೀಗರ ಜೊತೆ ಒಂದು ಡಬ್ಬಿ ರಸಕ್ಕೆ ಜಗಳ ಬೇಡ. ಬಾಣಂತಿಗೆ ಅವತ್ತಿನದು ಅವತ್ತೇ ಮಾಡಿ, ಫ್ರೀಜರ್‌ನದ್ದನ್ನು ನಾವು ನೀವು ತಿನ್ನೋಣ.

ಪ್ರಶ್ನೆ (ದಾವಣಗೆರೆ): ಕರಗಿಸೋದು ಹೆಂಗೆ?

ಷೆಫ್: ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗೆ ಇಡಿ. ಅವಸರ ಇದ್ದರೆ ಡಬ್ಬಿಯನ್ನು ಎರಡು ನಿಮಿಷ ನೀರಿನಲ್ಲಿ ಅದ್ದಿ, ಗಡ್ಡೆ ಜಾರಿದ ಕೂಡಲೇ ಪಾತ್ರೆಗೆ ಹಾಕಿ ಒಲೆ ಹಚ್ಚಿ. ಕಟ್ಟೆ ಮೇಲೆ ಬಿಟ್ಟು ಕರಗಿಸಬೇಡಿ. ಕರಗಿದ್ದನ್ನು ಎರಡು ದಿನದಲ್ಲಿ ಮುಗಿಸಿ.

ಪ್ರಶ್ನೆ (ಚನ್ನಪಟ್ಟಣ): ಕುಕ್ಕರ್‌ನಲ್ಲಿ ಬೇಯಿಸಿ ಮುಚ್ಚಳ ತೆಗೆಯದೆ ಹಾಗೇ ಬಿಟ್ಟರೆ? ಒಳಗೆ ಗಾಳಿಯೇ ಹೋಗಲ್ಲವಲ್ಲ?

ಷೆಫ್: ಹೋಗುತ್ತೆ ಸರ್. ಆರುವಾಗ ಒಳಗಿನ ಹಬೆ ನೀರಾಗಿ, ವಿಷಲ್ ದಾರಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಇಲ್ಲದಿದ್ದರೂ ಬೆಳೆಯುವ ಕ್ರಿಮಿಯ ಕತೆ ಮೇಲೆ ಹೇಳಿದ್ದೇನೆ. ಕುಕ್ಕರ್ ಬೇಯಿಸೋಕೆ ಬಹಳ ಒಳ್ಳೆಯದು, ಇಡೋಕೆ ಅಲ್ಲ. ಪ್ರೆಷರ್ ತಾನಾಗಿ ಇಳಿದ ಕೂಡಲೇ ತೆಗೆದು ಸೋಸಿ.

ಮೊದಲ ಅಕ್ಕ (ಬೆಂಗಳೂರು): ಸರ್, ಈ ಸಲ ಬೆಳಗ್ಗೆ 5ಕ್ಕೇ ಶುರು ಮಾಡಿದೆ. 8ಕ್ಕೆ ಒಲೆ ಆರಿಸಿ ಮೂರು ಪಾತ್ರೆಗೆ ಹಂಚಿ, ಬಕೆಟ್‌ನಲ್ಲಿ ಐಸ್ ಬಾಟಲಿ ಹಾಕಿ ಕೂರಿಸಿದೆ. ಒಂದು ಗಂಟೆ ಹತ್ತು ನಿಮಿಷಕ್ಕೆ ತಣ್ಣಗಾಯಿತು. ಈಗ ಐದು ಸ್ಟೀಲ್ ಡಬ್ಬಿ ಫ್ರೀಜರ್‌ನಲ್ಲಿದೆ. ಒಂದೇ ಎಡವಟ್ಟು. ನಮ್ಮ ಯಜಮಾನರು ಅದರಲ್ಲಿ ಒಂದನ್ನು ಹುಣಸೆ ರಸ ಅಂದುಕೊಂಡು ತೆಗೆದು ಬೇಳೆ ಸಾರಿಗೆ ಹಾಕಿದ್ದಾರೆ. ಇವತ್ತು ಶನಿವಾರ ಬೇರೆ!

ಷೆಫ್: ಹ್ಹಹ್ಹ, ಸಾರು ಚೆನ್ನಾಗಿತ್ತಾ ಅಂತ ಅವರನ್ನೇ ಕೇಳಿ. ಮುಂದಿನ ಸಲ ಡಬ್ಬಿಗೆ ಬಿಳಿ ಟೇಪ್ ಅಂಟಿಸಿ, ಪೆನ್ನಲ್ಲಿ "ಕೋಳಿ", ತಾರೀಕು, ಎಷ್ಟು ಲೋಟ ಅಂತ ಬರೆಯಿರಿ. ಫ್ರೀಜರ್‌ಗೆ ಇಡುವ ಮೊದಲೇ, ಡಬ್ಬಿ ಒರೆಸಿ ಅಂಟಿಸಿ. ಮಂಜು ಹಿಡಿದ ಮೇಲೆ ಯಾವ ಟೇಪೂ ಕೂರಲ್ಲ.