ಸಹಾಯ ಬೇಕು: ಅಪ್ಪನ ಬೋನ್ ಸ್ಕ್ಯಾನ್ ರಿಪೋರ್ಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 63 ವರ್ಷ. ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ. ಮೂಳೆಗೆ ಹರಡಿದೆಯಾ ನೋಡೋಕೆ ಮೊನ್ನೆ ಬೋನ್ ಸ್ಕ್ಯಾನ್ ಮಾಡಿಸಿದ್ವಿ. ಟೆಕ್ನೀಶಿಯಂ ಅನ್ನೋ ವಿಕಿರಣ ಸೂಸೋ ಔಷಧಿಯ ಇಂಜೆಕ್ಷನ್ ಕೊಟ್ಟು, ಚೆನ್ನಾಗಿ ನೀರು ಕುಡೀರಿ ಅಂತ 3 ಗಂಟೆ ಕೂರಿಸಿದ್ರು. ಅಪ್ಪ ಬಾಟಲಿ ಹಿಡ್ಕೊಂಡು ಗುಟುಕು ಗುಟುಕಾಗಿ ಕುಡೀತಾ ಮಾತಾಡದೆ ಕೂತಿದ್ರು.

ರಿಪೋರ್ಟಲ್ಲಿ ಬಲಗಡೆ 7ನೇ ಪಕ್ಕೆಲುಬು, ಸೊಂಟದ ಎಲ್3 (ಬೆನ್ನುಮೂಳೆಯ ಸೊಂಟದ ಭಾಗದ 3ನೇ ಮೂಳೆ), ಈ ಎರಡೂ ಜಾಗದಲ್ಲಿ ಅಪ್ಟೇಕ್ ಜಾಸ್ತಿ, ಅಂದ್ರೆ ಆ ಔಷಧಿ ಅಲ್ಲಿ ಹೆಚ್ಚು ಸೇರಿಕೊಂಡಿದೆ ಅಂತಿದೆ. ಆದ್ರೆ ಹೋದ ವರ್ಷ ಅಪ್ಪ ಅಟ್ಟದ ಏಣಿಯಿಂದ ಬಿದ್ದು ಅದೇ ಪಕ್ಕೆ ಮುರ್ಕೊಂಡಿದ್ರು. ಸೊಂಟದ ಸವೆತವೂ ಮೊದಲಿಂದ ಇದೆ. ಹಳೇ ಪೆಟ್ಟು, ಸವೆತ ಇದ್ರೂ ಸ್ಕ್ಯಾನಲ್ಲಿ ಹೀಗೇ ಕಾಣಬಹುದು ಅಂತ ಡಾಕ್ಟರೇ ಹೇಳಿದ್ರು. ಎಕ್ಸ್‌ರೇ ತೆಗೆಸಿದ್ವಿ, ಸ್ಪಷ್ಟ ಆಗ್ಲಿಲ್ಲ. ಈಗ ಒಬ್ಬರು ಬೆನ್ನಿನ ಎಂಆರ್‌ಐ ಅಂತಾರೆ, ಇನ್ನೊಬ್ಬರು ಪೆಟ್ ಸಿಟಿ (ದೇಹದಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡೋ ಸ್ಕ್ಯಾನ್) ಅಂತಾರೆ. ಆಪರೇಷನ್ ಮಾಡೋದೋ ಬೇಡವೋ ಅನ್ನೋದು ಇದರ ಮೇಲೇ ನಿಂತಿದೆ, ರಾತ್ರಿ ನಿದ್ದೆ ಹತ್ತಲ್ಲ.

ಈ ಪರಿಸ್ಥಿತಿ ದಾಟಿ ಬಂದವರು, ನ್ಯೂಕ್ಲಿಯರ್ ಮೆಡಿಸಿನ್ (ಇಂಥ ವಿಕಿರಣ ಔಷಧಿ ಬಳಸಿ ಸ್ಕ್ಯಾನ್ ಮಾಡೋ ವಿಭಾಗ) ಗೊತ್ತಿರೋರು ದಯವಿಟ್ಟು ಹೇಳಿ: ಇದು ಹಳೇ ಪೆಟ್ಟೋ ಕ್ಯಾನ್ಸರೋ ಅಂತ ತಿಳಿಯೋಕೆ ಮೊದಲು ಎಂಆರ್‌ಐ ಮಾಡಿಸೋದಾ, ಪೆಟ್ ಸಿಟಿನಾ? ಅದರಲ್ಲೂ ಗೊತ್ತಾಗದಿದ್ರೆ ಮೂಳೆ ಬಯಾಪ್ಸಿ ಮಾಡಿಸಲೇಬೇಕಾ?