ಪದಚರ್ಚೆ: ಕಾಗದ ಕತ್ತರಿಸುವ ಡೈಗೆ ‘ಅಚ್ಚು’ ಎನ್ನಬಹುದೇ?

ಪ್ರಶ್ನೆ, ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಕೈಯಿಂದ ತಿರುಗಿಸುವ ಡೈ ಕಟಿಂಗ್ ಯಂತ್ರದಲ್ಲಿ ಕಾಗದದ ಹೂ, ಎಲೆ, ಲಗ್ನಪತ್ರಿಕೆಯ ಅಂಚು, ಉಡುಗೊರೆಗೆ ಕಟ್ಟುವ ಚೀಟಿ ಮಾಡುವುದನ್ನು ಕಲಿಸಲು ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಓದುವವರು ಇಳಕಲ್, ಗುಳೇದಗುಡ್ಡ ಕಡೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಕಾಗದ ಕತ್ತರಿಸುವ ತೆಳು ಉಕ್ಕಿನ ಡೈ, ಉಬ್ಬು ಮೂಡಿಸುವ ಪ್ಲಾಸ್ಟಿಕ್ ಫೋಲ್ಡರ್, ಮಡಿಕೆಯ ಗೆರೆ ಒತ್ತುವ ಪಟ್ಟಿ, ಈ ಮೂರಕ್ಕೂ ಕರಡಿನಲ್ಲಿ ‘ಅಚ್ಚು’ ಎಂದೇ ಬಂದಿದೆ. ಹಾಗೇ ಬಿಟ್ಟರೆ ನಡೆದೀತೇ? ‘ಕೊರೆಯಚ್ಚು’, ‘ಠಸೆ’ ಎಂಬ ಸಲಹೆಗಳೂ ಬಂದಿವೆ. ಒತ್ತಡ ಸಾಲದಾಗ ನಡುವೆ ಸೇರಿಸುವ ತೆಳು ಹಾಳೆ, ‘ಶಿಮ್’ ಎಂಬುದಕ್ಕೆ ಏನನ್ನಬೇಕು? ಇನ್ನೊಂದು, ಸುರುಳಿ ಗುಲಾಬಿಯ ಪಾಠದಲ್ಲಿ ‘ನಡುವಿನಿಂದ ಸುತ್ತುತ್ತ ಬನ್ನಿ’ ಎಂದಿದೆ. ಇದು ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ, ಬೆಳಗಾವಿಯಿಂದ:

ಅಕ್ಕಾರ, ಮೂರಕ್ಕೂ ಒಂದೇ ಹೆಸರಿಟ್ಟರೆ ಕಲಿಯುವವರ ಯಂತ್ರದ ಪ್ಲಾಸ್ಟಿಕ್ ಪ್ಲೇಟು ಒಡೆಯುತ್ತದೆ. ಈ ಯಂತ್ರದಲ್ಲಿ ಮೇಲೊಂದು ಕೆಳಗೊಂದು ರೋಲರ್ ಇರುತ್ತದೆ, ಅವುಗಳ ನಡುವಿನ ಸಂದು ಬಹುತೇಕ ಯಂತ್ರಗಳಲ್ಲಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಸಂದಿಗಿಂತ ತುಸುವೇ ದಪ್ಪ ಬರುವಂತೆ ಸಾಮಾನು ಪೇರಿಸಿ ಹಿಡಿಕೆ ತಿರುಗಿಸಿದಾಗ ಒತ್ತಡ ಹುಟ್ಟುತ್ತದೆ. ತೆಳು ಡೈಗೆ ಸಾಮಾನ್ಯ ಪೇರಿಕೆ ಹೀಗೆ: ಎಲ್ಲಕ್ಕೂ ಕೆಳಗೆ ಅಡಿಹಲಗೆ, ಅದರ ಮೇಲೆ ಕಟಿಂಗ್ ಪ್ಲೇಟು, ಕಾಗದ, ಅಲಗು ಕೆಳಮುಖವಾಗಿಟ್ಟ ಡೈ, ಮತ್ತೊಂದು ಕಟಿಂಗ್ ಪ್ಲೇಟು. ಉಬ್ಬು ಮೂಡಿಸುವ ಫೋಲ್ಡರ್ ಈ ಡೈಗಿಂತ ದಪ್ಪ. ‘ಅಚ್ಚನ್ನು ಇಡಿ’ ಎಂದು ಓದಿ ಡೈ ಇರಬೇಕಾದ ಜಾಗದಲ್ಲಿ ಫೋಲ್ಡರ್ ಇಟ್ಟರೆ ರೋಲರ್ ಅದನ್ನು ಎಳೆದುಕೊಳ್ಳುವುದಿಲ್ಲ. ಜೋರು ಮಾಡಿ ತಿರುಗಿಸಿದರೆ ಪ್ಲೇಟು ಬಿರಿಯುತ್ತದೆ, ಇಲ್ಲವೇ ಗಿಯರಿನ ಹಲ್ಲು ಹೋಗುತ್ತದೆ. ಫೋಲ್ಡರಿಗೆ ಒಂದು ಪ್ಲೇಟು ಕಡಿಮೆ ಮಾಡಬೇಕು. ಯಾವುದನ್ನು ತೆಗೆಯಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಉಲ್ಟಾ ಮಾಡಿ, ಫೋಲ್ಡರಿನ ಪೇರಿಕೆಯಲ್ಲಿ ಡೈ ಇಟ್ಟರೆ ಅನಾಹುತವೇನಿಲ್ಲ, ಕಾಗದದ ಮೇಲೆ ಬರೀ ಗೀರು ಬೀಳುತ್ತದೆ.

ಇನ್ನು ಮಾತಿನ ವಿಷಯ. ಗೌರಿ ಹುಣ್ಣಿಮೆಯ ಸಕ್ಕರಿ ಆರತಿಗೆ ಕಟ್ಟಿಗೆಯ ಅಚ್ಚು, ಅಡುಗೆಮನೆಯಲ್ಲಿ ಚಕ್ಕಲಿ ಅಚ್ಚು, ಛಾಪಖಾನೆಯಲ್ಲಿ ಅಚ್ಚುಮೊಳೆ. ತುಂಬಿ ತೆಗೆಯುವುದು, ಒತ್ತಿ ಮೂಡಿಸುವುದು, ಇಷ್ಟೇ ಅಚ್ಚಿನ ಕೆಲಸ. ಅಲಗು ಇರುವ ಅಚ್ಚು ನಮ್ಮ ಬಳಕೆಯಲ್ಲಿ ಕಾಣುವುದಿಲ್ಲ. ಹೀಗಾಗಿ ಫೋಲ್ಡರಿಗೆ ‘ಉಬ್ಬಚ್ಚು’ ಎನ್ನಿ, ಚೆನ್ನಾಗಿ ಕೂಡುತ್ತದೆ. ಕತ್ತರಿಸುವುದನ್ನು ‘ಡೈ’ ಎಂದೇ ಬಿಡುವುದು ಮೇಲು. ಪ್ರೆಸ್ಸಿನವರ ಬಾಯಲ್ಲಿ ಇರುವುದೂ ಡೈ, ಪಂಚಿಂಗ್, ಕ್ರೀಸಿಂಗ್. ಅಂಗಡಿಯಲ್ಲಿ ‘ಕೊರೆಯಚ್ಚು ಕೊಡ್ರಿ’ ಎಂದರೆ ಯಾರೂ ಕೊಡಲಾರರು. ಅದೂ ಅಲ್ಲದೆ, ಕೊರೆಯುವುದೆಂದರೆ ತೂತು ಹಾಕುವ ಅರ್ಥವೇ ಮುಂದಾಗುತ್ತದೆ. ‘ಠಸೆ’ ಮರಾಠಿ ಠಸಾದ ನೆಂಟ, ಮುದ್ರೆ ಒತ್ತುವ ಮಾತು. ರಬ್ಬರ್ ಸ್ಟಾಂಪಿನ ಪಾಠ ಬರೆಯುವಾಗ ಅದನ್ನು ಬಳಸಿಕೊಳ್ಳಿ.

ಪ್ರೆಸ್ಸಿನ ಲೆಕ್ಕವೂ ಇದೇ ಭೇದ ಹೇಳುತ್ತದೆ. ಅಚ್ಚುಮೊಳೆಯ ಎತ್ತರ ಸುಮಾರು 23.3 ಮಿಲಿಮೀಟರ್, ಡೈ ಬೋರ್ಡ್ ಎಂಬ ಹಲಗೆಯಲ್ಲಿ ಕೂರಿಸುವ ಕತ್ತರಿಸುವ ಪಟ್ಟಿ ಸಾಮಾನ್ಯವಾಗಿ 23.8. ಮಡಿಕೆಯ ಪಟ್ಟಿ ಕತ್ತರಿಸುವ ಪಟ್ಟಿಗಿಂತ ಹೆಚ್ಚುಕಡಿಮೆ ಕಾಗದದ ದಪ್ಪದಷ್ಟು ಗಿಡ್ಡ, ಅದರ ತುದಿ ಮೊಂಡು. ಅದನ್ನು ‘ಮಡಿಕೆಪಟ್ಟಿ’ ಎಂದರೆ ಸಾಕು. ‘ಘಡಿಪಟ್ಟಿ’ ಎಂದರೆ ನಮ್ಮ ಕಡೆ ಇನ್ನೂ ಬೇಗ ತಿಳಿಯುತ್ತದೆ, ಆದರೆ ಮೈಸೂರು ಕಡೆಯವರು ಕೈಪಿಡಿ ಓದಿದರೆ ತಡಬಡಿಸಿಯಾರು. ಆ ಪಾಠದಲ್ಲಿ ಕಾಗದದ ನಾರಿನ ದಿಕ್ಕನ್ನೂ ಹೇಳಬೇಕು. 250–300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ರಟ್ಟನ್ನು ನಾರಿಗೆ ಅಡ್ಡಲಾಗಿ ಮಡಚಿದರೆ ಮೇಲ್ಪದರ ಸೀಳುತ್ತದೆ, ನಾರಿನ ಉದ್ದಕ್ಕೆ ಮಡಚಿದರೆ ನೆಟ್ಟಗೆ ಕೂರುತ್ತದೆ.

‘ಶಿಮ್’ಗೆ ‘ಒತ್ತುಹಾಳೆ’ ಎನ್ನಬಹುದು. ಒತ್ತು ಕೊಡುವುದು ಎಂದರೆ ಆಸರೆ ಕೊಡುವುದು, ಮಾತಿನಲ್ಲೇ ಕೆಲಸದ ವಿವರಣೆ ಇದೆ. ಪ್ರೆಸ್ಸಿನಲ್ಲಿ ಇದಕ್ಕೆ ಪ್ಯಾಕಿಂಗ್ ಅನ್ನುತ್ತಾರೆ. ‘ಸರಿಯಾಗಿ ಕತ್ತರಿಸದಿದ್ದರೆ ಒತ್ತುಹಾಳೆ ಹಾಕಿ’ ಎಂದಷ್ಟೇ ಬರೆದರೆ ಸಾಲದು. 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಒಂದು ಸಲಕ್ಕೆ ಒಂದೇ ಹಾಳೆ ಸೇರಿಸಿ ನೋಡಬೇಕು. ಮೂಲೆಯೊಂದೇ ಕತ್ತರಿಸದೆ ಕಚ್ಚಿಕೊಂಡಿದ್ದರೆ ಆ ಮೂಲೆಯಷ್ಟು ಚೂರನ್ನೇ ಇಡಬೇಕು, ಪೂರ್ತಿ ಹಾಳೆ ಇಟ್ಟರೆ ಮೊದಲೇ ಚೆನ್ನಾಗಿ ಬರುತ್ತಿದ್ದ ಕಡೆ ಪ್ಲೇಟಿಗೆ ಆಳವಾದ ಗಾಯವಾಗುತ್ತದೆ. ಉದ್ದನೆಯ ನೇರ ಅಲಗಿರುವ ಡೈಯನ್ನು ರೋಲರಿಗೆ ಸಮವಾಗಿಡದೆ ತುಸು ಓರೆಯಾಗಿಟ್ಟರೆ ಅಲಗು ಸ್ವಲ್ಪಸ್ವಲ್ಪವೇ ಒಳಹೋಗುತ್ತದೆ, ಹಿಡಿಕೆಯೂ ಹಗುರಾಗಿ ತಿರುಗುತ್ತದೆ. ಪ್ಲೇಟನ್ನು ಪ್ರತಿ ಸಲ ಮಗುಚಿ ಹಾಕದಿದ್ದರೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಪ್ಲೇಟಿನಲ್ಲಿ ಎಷ್ಟು ಒತ್ತುಹಾಳೆ ಇಟ್ಟರೂ ಅಷ್ಟೇ.

ಉತ್ತರ, ವಿಜಯಪುರದಿಂದ:

ಮೇಲಿನವರ ‘ಉಬ್ಬಚ್ಚು’ ನನಗೂ ಒಪ್ಪಿಗೆ. ‘ಘಡಿಪಟ್ಟಿ’ಯನ್ನೇ ಇಡಿರಿ, ಓದುವವರು ನಮ್ಮವರು ತಾನೇ.

ಗುಲಾಬಿಯ ಸಾಲು ಮಾತ್ರ ತಪ್ಪಾಗಿದೆ. ಸುರುಳಿ ಡೈಯಿಂದ ಬರುವ ಕಾಗದಕ್ಕೆ ಹೊರಗೊಂದು ಬಾಲ, ನಡುವೆ ದುಂಡನೆಯ ಬಿಲ್ಲೆ ಇರುತ್ತದೆ. ಸುತ್ತಬೇಕಾದದ್ದು ಹೊರಬಾಲದಿಂದ ನಡುವಿನ ಕಡೆಗೆ. ಹೊರಬಾಲ ಹೂವಿನ ಒಳಮೊಗ್ಗಾಗುತ್ತದೆ, ಕೊನೆಗೆ ಉಳಿದ ಬಿಲ್ಲೆಗೆ ಅಂಟು ಹಚ್ಚಿ ಹೂವನ್ನು ಅದರ ಮೇಲೆ ಕೂರಿಸಿದರೆ ಅದೇ ತಳ. ‘ಹೊರತುದಿಯಿಂದ ಬಿಗಿಯಾಗಿ ಸುತ್ತಿ, ಆಮೇಲೆ ಸಡಿಲ ಬಿಡಿ’ ಎಂದು ತಿದ್ದಿರಿ. ಸಡಿಲ ಬಿಟ್ಟಾಗಲೇ ಎಸಳು ಅರಳುವುದು. ಕಾಗದ 120–160 ಜಿಎಸ್‌ಎಂ ಸಾಕು, 300ರ ರಟ್ಟು ಸುತ್ತುವಾಗ ಮುರಿಯುತ್ತದೆ.

ಕರಡಿನಲ್ಲಿ ಇರದ ಮಾತೊಂದಿದೆ, ಅದೂ ಬೇಕಾಗುತ್ತದೆ. ಗೋಳಗುಮ್ಮಟದ ಆಕೃತಿಯ ಡೈ ಮಾಡಿಸಿದರೆ ಮೂಲೆಗೋಪುರಗಳ ಏಳೂ ಅಂತಸ್ತಿನ ಕಿಂಡಿಗಳು ಸಣ್ಣ ಚೂರುಗಳಾಗಿ ಡೈಯೊಳಗೇ ಸಿಕ್ಕಿಕೊಳ್ಳುತ್ತವೆ. ಕಸೂತಿಯ ಗೋಪುರ, ತೇರಿನ ನಮೂನೆಯಲ್ಲೂ ಇದೇ ಪಾಡು. ಆ ಚೂರನ್ನು ‘ಕಿಂಡಿಚೂರು’ ಎನ್ನೋಣವೇ? ತೆಗೆಯಲು ಡೈಯ ಬೆನ್ನಿಗೆ ಸಣ್ಣ ತೂತುಗಳಿರುತ್ತವೆ, ಸೂಜಿಯಿಂದ ಅಲ್ಲಿ ಚುಚ್ಚಿ ತಳ್ಳಬೇಕು. ಅಲಗಿನ ಕಡೆಯಿಂದ ಕೆದರಿದರೆ ಅಲಗು ಮೊಂಡಾಗುತ್ತದೆ, ಕಾಗದವೂ ಹರಿಯುತ್ತದೆ. ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದದ ತುಂಡು ಇಟ್ಟರೆ ಚೂರು ಸುಲಭವಾಗಿ ಬಿಡುತ್ತದೆ.

ಬಟ್ಟೆಚಿಂದಿಯಿಂದ ಮಾಡಿದ ಕೈಕಾಗದಕ್ಕೆ ಬೇರೆ ಎಚ್ಚರಿಕೆ ಬರೆಯಿರಿ. ಅದರ ನಾರು ಉದ್ದ, ದಪ್ಪವೂ ಒಂದೇ ಸಮ ಇರುವುದಿಲ್ಲ. ಅಲಗು ನಾರನ್ನು ಪೂರ್ತಿ ಕತ್ತರಿಸದೆ ಅಂಚಿನಲ್ಲಿ ಜುಂಜು ಉಳಿಯುತ್ತದೆ. ಕೈಯಿಂದ ಎಳೆದರೆ ಎಸಳೇ ಬರುತ್ತದೆ. ಡೈ ಸರಿಯದಂತೆ ಟೇಪು ಹಚ್ಚಿ, ಪೇರಿಕೆಯನ್ನು ಬಿಚ್ಚದೆ ಇನ್ನೊಂದು ಸಲ ರೋಲರಿಗೆ ಕೊಡಬೇಕು. ಸಾಧ್ಯವಿದ್ದಲ್ಲಿ ಪೇರಿಕೆಯ ದಿಕ್ಕು ಬದಲಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಹವೆಯ ಮಾತೂ ಒಂದು ಸಾಲು ಇರಲಿ. ಬೆಳಗಾವಿಯ ಮಳೆಗಾಲದಲ್ಲಿ ಕಾಗದ ತಂಪು ಹಿಡಿದು ಮೆತ್ತಗಾಗುತ್ತದೆ, ಉಬ್ಬು ಚೆಂದ ಮೂಡಿದರೂ ಕತ್ತರಿಸಿದ ಅಂಚು ಜುಂಜು ಜುಂಜು. ನಮ್ಮ ವಿಜಯಪುರದ ಬ್ಯಾಸಿಗಿಯಲ್ಲಿ ಅದು ತಿರುಗುಮುರುಗು: ಅಂಚು ಚೊಕ್ಕ, ಉಬ್ಬಚ್ಚಿನಲ್ಲಿ ಕಾಗದ ಸೀಳು. ಉಬ್ಬು ಒತ್ತುವ ಮೊದಲು ಕಾಗದಕ್ಕೆ ಹಗುರಾಗಿ ನೀರು ಚಿಮುಕಿಸಿದರೆ ಸೀಳುವುದಿಲ್ಲ. ಹಾಗೆ ಚಿಮುಕಿಸುವುದು ಉಬ್ಬಚ್ಚಿಗೆ ಮಾತ್ರ, ಡೈಗೆ ಕೊಡುವ ಕಾಗದ ಒಣಗಿದ್ದೇ ಇರಬೇಕು. ಕರಡಿನ ‘ಅಚ್ಚಿಗೆ ಮೊದಲು ನೀರು ಚಿಮುಕಿಸಿ’ ಎಂಬಂಥ ಸಾಲು ಎಲ್ಲಾದರೂ ಇದ್ದರೆ ಅದನ್ನೂ ಬಿಡಿಸಿ ಬರೆಯಿರಿ.